ಊಟ ಒಂದೇ ಆದ್ರೆ ಏನೂ ಆಗಲ್ಲ, ಓಟ ಒಂದೇ ಆದ್ರೂ ಏನೂ ಆಗಲ್ಲ

ಎಲ್ರಿಗೂ ನಮಸ್ಕಾರ. ಇವತ್ತು ಹೇಳೋಕೆ ಹೊರಟಿರೋ ಅಲರ್ಜಿ ಡಾಕ್ಟರ್‌ಗಳಿಗೂ ಸುಲಭಕ್ಕೆ ಸಿಗಲ್ಲ. ಗೋಧಿದು ಏನಾದ್ರೂ ತಿಂದು ಸುಮ್ನೆ ಕೂತ್ರೆ ಏನೂ ಆಗಲ್ಲ, ಖಾಲಿ ಹೊಟ್ಟೇಲಿ ಎಷ್ಟು ಓಡಿದ್ರೂ ಏನೂ ಆಗಲ್ಲ, ಆದ್ರೆ ತಿಂದು ಒಂದೆರಡು ಗಂಟೆ ಒಳಗೆ ಓಡೋಕೆ ಹೋದ್ರೆ ಮೈಯೆಲ್ಲ ತುರಿಕೆ, ದದ್ದು, ತುಟಿ ಕಣ್ಣು ಊದ್ಕೊಳ್ಳೋದು, ಉಸಿರು ಕಟ್ಟೋದು, ಕೆಲವರಿಗೆ ಬಿಪಿ ಬಿದ್ದು ಅಲ್ಲೇ ಕುಸಿಯೋದು. ಅನಾಫಿಲಾಕ್ಸಿಸ್ ಇದು, ಅಂದ್ರೆ ಇಡೀ ಮೈಯನ್ನ ಆವರಿಸೋ ತೀವ್ರ ಅಲರ್ಜಿ ರಿಯಾಕ್ಷನ್, ಜೀವಕ್ಕೇ ಅಪಾಯ. ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ಮೊದಲ ಕೇಸು ಬಂದಿದ್ದು 1979ರಲ್ಲಿ, ಚಿಪ್ಪಿರೋ ಕಡಲ ಆಹಾರ ತಿಂದು ಓಡಿದ ಒಬ್ಬ ದೂರದ ಓಟಗಾರನದ್ದು. ಗೋಧಿ ಮತ್ತೆ ಇಂಥ ಕಡಲ ಆಹಾರ, ಇವೆರಡರ ಹೆಸರು ಈಗ್ಲೂ ಜಾಸ್ತಿ ಕೇಳಿಬರುತ್ತೆ.

ಯಾಕೆ ತಪ್ಪಿಸ್ಕೊಳ್ಳುತ್ತೆ ಅಂದ್ರೆ, "ಇದನ್ನೇ ನಿನ್ನೆನೂ ತಿಂದಿದ್ದೆ, ಏನೂ ಆಗ್ಲಿಲ್ವಲ್ಲ" ಅಂತ ಪೇಷಂಟೇ ಆಹಾರನ ಪಟ್ಟಿಯಿಂದ ತೆಗೆದುಬಿಡ್ತಾರೆ, ದಿನಾ ಮಾಡೋ ವ್ಯಾಯಾಮದ ಮೇಲೂ ಅನುಮಾನ ಬರಲ್ಲ, ಕೊನೆಗೆ ಒಂದ್ಸಲ ಬಿಸಿಲು ಅಂತಾರೆ, ಇನ್ನೊಂದ್ಸಲ ಟೆನ್ಷನ್ ಅಂತಾರೆ.

ಹಾಗಾಗಿ ನನ್ನ ಪ್ರಕಾರ ಇಲ್ಲಿ ದೊಡ್ಡ ಟೆಸ್ಟು ಅಂದ್ರೆ ಕೂತು ಕೇಳೋದು. ರಿಯಾಕ್ಷನ್ ಆಗೋಕೆ ಮುಂಚಿನ ನಾಲ್ಕರಿಂದ ಆರು ಗಂಟೆ ಪೂರ್ತಿ ಬೇಕು. ಏನು ತಿಂದ್ರಿ, ಎಷ್ಟು, ಸಾಸ್‌ನಲ್ಲಿ ಗೋಧಿ ಇತ್ತಾ, ಎಷ್ಟೊತ್ತಿಗೆ ಓಡೋಕೆ ಶುರು ಮಾಡಿದ್ರಿ, ಜ್ವರ ನೆಗಡಿ ಇತ್ತಾ, ಹೆಂಗಸರಾದ್ರೆ ಮುಟ್ಟಿನ ದಿನಾನಾ, ಮದ್ಯ ತಗೊಂಡಿದ್ರಾ. ಇದೆಲ್ಲಕ್ಕಿಂತ ಹೆಚ್ಚಾಗಿ ಮಾತ್ರೆ. ಮಂಡಿನೋವು ಅಂತ ಓಡೋ ಮುಂಚೆ ಆಸ್ಪಿರಿನ್ನೋ ಐಬುಪ್ರೊಫೆನ್ನೋ ನುಂಗಿರ್ತಾರೆ, ಅದನ್ನ ಔಷಧಿ ಅಂತ ಲೆಕ್ಕಕ್ಕೇ ತಗೊಂಡಿರಲ್ಲ, ಕೇಳದೆ ಇದ್ರೆ ಹೇಳೋದೂ ಇಲ್ಲ. ಆದ್ರೆ ರಿಯಾಕ್ಷನ್‌ನ ಹೊಸ್ತಿಲು ತಗ್ಗಿಸೋದ್ರಲ್ಲಿ, ಅಂದ್ರೆ ಅದು ಸುಲಭಕ್ಕೆ ಶುರುವಾಗೋಹಾಗೆ ಮಾಡೋದ್ರಲ್ಲಿ, ಈ ನೋವಿನ ಮಾತ್ರೆಗಳ ಪಾಲು ದೊಡ್ಡದು, ಕೆಲವರಿಗೆ ವ್ಯಾಯಾಮವೇ ಇಲ್ದೆ ಗೋಧಿ ಜೊತೆ ಮಾತ್ರೆ ಸೇರಿದ್ರೂ ಸಾಕು. ಓಟನೇ ಆಗ್ಬೇಕಂತಿಲ್ಲ, ಬಿರುಸು ನಡಿಗೆ, ಡ್ಯಾನ್ಸ್ ಕೂಡ ಆಗುತ್ತೆ.

ಆಮೇಲೆ ಬ್ಲಡ್ ಟೆಸ್ಟು. ಬರೀ ಗೋಧಿಯ ಐಜಿಇ (ಅಲರ್ಜಿಗೆ ಕಾರಣ ಆಗೋ ರಕ್ತದ ಪ್ರತಿಕಾಯ) ನೋಡಿ "ನೆಗೆಟಿವ್, ಗೋಧಿ ಅಲ್ಲ" ಅಂತ ಕಳಿಸಬಾರದು. ಗೋಧಿಲಿರೋ ಒಮೆಗಾ-5 ಗ್ಲಿಯಾಡಿನ್ ಅನ್ನೋ ಪ್ರೋಟೀನ್‌ಗೆ ಬೇರೆ ಟೆಸ್ಟೇ ಇದೆ, ಸಾಮಾನ್ಯ ಟೆಸ್ಟಲ್ಲಿ ಕಾಣದೇ ಇದ್ದಿದ್ದು ಎಷ್ಟೋ ಸಲ ಅದ್ರಲ್ಲಿ ಕಾಣುತ್ತೆ. ಚರ್ಮದ ಪ್ರಿಕ್ ಟೆಸ್ಟ್ ಮಾಡಿಸೋದಾದ್ರೆ ಅಲರ್ಜಿ ಮಾತ್ರೆ ಕೆಲವು ದಿನ ಮುಂಚೆ ನಿಲ್ಲಿಸ್ಬೇಕು, ಡಾಕ್ಟರ್‌ನ ಕೇಳಿ ಮಾತ್ರ. ಇನ್ನೊಂದು ಟ್ರಿಪ್ಟೇಸ್, ಇಂಥ ರಿಯಾಕ್ಷನ್ ಆದಾಗ ರಕ್ತದಲ್ಲಿ ಏರೋ ಒಂದು ಪದಾರ್ಥ. ರಿಯಾಕ್ಷನ್ ಶುರುವಾಗಿ ಒಂದೆರಡು ಗಂಟೆಯಲ್ಲಿ ರಕ್ತ ತಗೊಂಡು, ಪೂರ್ತಿ ಸರಿಹೋಗಿ ಕನಿಷ್ಠ 24 ಗಂಟೆ ಆದ್ಮೇಲೆ ಇನ್ನೊಮ್ಮೆ ತಗೊಂಡು ಹೋಲಿಸ್ಬೇಕು. ಎಮರ್ಜೆನ್ಸಿಯ ಗಡಿಬಿಡಿಲಿ ಇದು ಮರೆತುಹೋಗುತ್ತೆ, ಜೊತೇಲಿರೋರು ನೆನಪಿಸಿ, ಆ ಹೊತ್ತು ಹೋದ್ರೆ ಆ ಸಾಕ್ಷಿ ಮತ್ತೆ ಸಿಗಲ್ಲ.

ತಿನ್ನಿಸಿ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡೋ ಪರೀಕ್ಷೆನೂ ಇದೆ, ಆದ್ರೆ ಅದು ಎಲ್ಲ ಸಿದ್ಧತೆ ಇರೋ ಆಸ್ಪತ್ರೆಲಿ ಮಾತ್ರ, ದಯವಿಟ್ಟು ಮನೇಲಿ ಯಾರೂ ಟ್ರೈ ಮಾಡ್ಬೇಡಿ. ಅಲ್ಲಿ ಏನೂ ಆಗ್ಲಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತಲೂ ಅಲ್ಲ, ಅವತ್ತಿನ ಊಟದ ಪ್ರಮಾಣ, ಆ ಮಾತ್ರೆ, ಆ ಹವೆ ಎಲ್ಲ ಒಟ್ಟಿಗೆ ಕೂಡಿಬಂದಿರಲ್ಲ.

ಇದೇ ಥರ ಕಾಣೋ ಬೇರೆ ಕಾಯಿಲೆಗಳೂ ಇವೆ. ಗುಂಡುಸೂಜಿ ತಲೆಯಷ್ಟು ಸಣ್ಣ ದದ್ದು, ಬಿಸಿನೀರು ಸ್ನಾನ ಮಾಡಿದ್ರೂ ಬರುತ್ತೆ ಅಂದ್ರೆ ಅದು ಬೇರೆ. ಬರೀ ಉಬ್ಬಸ ಅಂದ್ರೆ ವ್ಯಾಯಾಮದ ಆಸ್ತಮಾ ಇರ್ಬಹುದು. ಓಡ್ತಾ ಓಡ್ತಾ ಪ್ರಜ್ಞೆ ತಪ್ಪಿದ್ರೆ ಹಾರ್ಟ್ ನೋಡಿಸ್ಲೇಬೇಕು, ಅಲರ್ಜಿ ಅಂತ ಸುಮ್ನಾಗೋಹಾಗಿಲ್ಲ.

ಡಯಾಗ್ನೋಸಿಸ್ ಆಗೋವರೆಗೆ ಏನು ಮಾಡ್ಬೇಕು? ಅನುಮಾನ ಇರೋ ಆಹಾರ ತಿಂದು ಕನಿಷ್ಠ ನಾಲ್ಕು ಗಂಟೆ ವ್ಯಾಯಾಮ ಬೇಡ, ಒಬ್ಬರೇ ಓಡೋಕೆ ಹೋಗ್ಬೇಡಿ. ತುರಿಕೆ ಶುರುವಾದ ತಕ್ಷಣ ನಿಲ್ಲಿಸಿ, ಇನ್ನೊಂದು ಸುತ್ತು ಮುಗಿಸ್ತೀನಿ ಅನ್ನೋದು ಬೇಡವೇ ಬೇಡ. ಉಸಿರು ಕಟ್ಟಿದ್ರೆ, ತಲೆ ಸುತ್ತಿದ್ರೆ ತೊಡೆಯ ಹೊರಭಾಗಕ್ಕೆ ಅಡ್ರಿನಾಲಿನ್ ಇಂಜೆಕ್ಷನ್, ಆಮೇಲೆ ಆಸ್ಪತ್ರೆ. ಅಲರ್ಜಿ ಮಾತ್ರೆ ಅದರ ಬದಲಿಗೆ ನಡೆಯಲ್ಲ. ಡಾಕ್ಟರ್ ಅಡ್ರಿನಾಲಿನ್ ಪೆನ್ ಬರೆದುಕೊಟ್ಟಿದ್ರೆ ಅದು ಯಾವ ಜೇಬಲ್ಲಿದೆ, ಹೇಗೆ ಚುಚ್ಬೇಕು ಅಂತ ಜೊತೇಲಿ ಓಡೋರಿಗೂ ತೋರಿಸಿಟ್ಟಿರಿ.