ಅಳಿವೆ ಬಾಗಿಲಲ್ಲಿ ಮೂರು ಗಂಟೆ

ಈ ಶಾಟ್‌ನಲ್ಲಿ ಏನೂ ನಡೀತಿಲ್ಲ ಅನ್ನಿಸುತ್ತೆ, ಅಲ್ವಾ? ಲಂಗರು ಬಿಟ್ಟಿದೆ, ಹಾಯಿ ಇಳಿಸಿದೆ, ಅರ್ಧ ಮೈಲಿ ಮುಂದೆ ಅಳಿವೆ ಬಾಗಿಲು, ಅಂದ್ರೆ ನದಿ ಸಮುದ್ರ ಸೇರೋ ಜಾಗ, ಕಾಣ್ತಿದೆ. ನಾನು ಗಡಿಯಾರ ನೋಡ್ತಾ ಕೂತಿದ್ದೀನಿ. ಹೀಗೇ ಮೂರು ಗಂಟೆ. ಎಡಿಟ್ ಮಾಡೋವಾಗ ಇದನ್ನ ಕತ್ತರಿಸೋಣ ಅಂದ್ಕೊಂಡೆ, ಆಮೇಲೆ ಮನಸ್ಸು ಬರ್ಲಿಲ್ಲ. ಹೂಳು ತುಂಬಿದ ಅಳಿವೆಯೊಳಗೆ ಹಾಯಿದೋಣಿ ಒಯ್ಯೋದ್ರಲ್ಲಿ ಮುಕ್ಕಾಲು ಪಾಲು ಕೆಲಸ ಇದೇ. ಉಳಿದ ಕಾಲು ಪಾಲಿನಲ್ಲಿ ನಾನು ಏನು ಎಡವಟ್ಟು ಮಾಡಿದೆ ಅನ್ನೋದು ಮುಂದೆ ಬರುತ್ತೆ.

ಮೊದಲು ಲೆಕ್ಕ. ನಮ್ಮ ದೋಣಿಯ ಕೀಲ್, ಅಂದ್ರೆ ತಳದಿಂದ ಕೆಳಕ್ಕೆ ಚಾಚಿರೋ ಭಾಗ, ನೀರಿನೊಳಗೆ 1.4 ಮೀಟರ್ ಇಳಿಯುತ್ತೆ. ಬಾಗಿಲಿಗೆ ಅಡ್ಡ ಮಲಗಿರೋ ಮರಳು ದಿಬ್ಬದ ಮೇಲೆ ನಕ್ಷೆ ತೋರಿಸೋ ಆಳ 0.4 ಮೀಟರ್. ನಕ್ಷೆಯಲ್ಲಿ ಬರೆದಿರೋದು ಸಮುದ್ರ ಹೆಚ್ಚುಕಮ್ಮಿ ಪೂರ್ತಿ ಇಳಿದಾಗ ಉಳಿಯೋ ನೀರು, ಅದಕ್ಕೆ ಆ ಹೊತ್ತಿನ ಉಬ್ಬರವನ್ನ ನಾವೇ ಸೇರಿಸ್ಕೋಬೇಕು. ಅವತ್ತಿನ ಇಳಿತ 0.6, ಉಬ್ಬರ 2.4. ನಡುವೆ 1.8 ಮೀಟರ್, ಸುಮಾರು ಆರು ಗಂಟೆಯಲ್ಲಿ ಏರಬೇಕು. ಆದ್ರೆ ಸಮನಾಗಿ ಏರಲ್ಲ. ಅದನ್ನ ಹನ್ನೆರಡು ಪಾಲು ಮಾಡಿದ್ರೆ ಮೊದಲ ಗಂಟೆಗೆ ಒಂದು ಪಾಲು, ಆಮೇಲೆ ಎರಡು, ಮೂರು, ಮೂರು, ಎರಡು, ಕೊನೆಗೆ ಮತ್ತೆ ಒಂದು. ಹಳೇ ಲೆಕ್ಕ ಇದು, ಬೆರಳಲ್ಲೇ ಮುಗಿಯುತ್ತೆ. ಅಂದಾಜಿಗೆ ಸಾಕು, ಅಳಿವೆಯ ಒಳಗೊಳಗೆ ಹೋದಷ್ಟೂ ಕೈಕೊಡುತ್ತೆ.

ಇದರ ಪ್ರಕಾರ ಪೂರ್ತಿ ಉಬ್ಬರಕ್ಕೆ ಎರಡು ಗಂಟೆ ಮುಂಚೆ ದಿಬ್ಬದ ಮೇಲೆ 2.35 ಮೀಟರ್ ನೀರು. ಅಲೆ ಅವತ್ತು 0.8 ಮೀಟರ್ ಎತ್ತರ ಇತ್ತು, ಅಂದ್ರೆ ಅಲೆಯ ತಗ್ಗಿಗೆ ಬಿದ್ದಾಗ 40 ಸೆಂಟಿಮೀಟರ್ ಹೋಯ್ತು. ಕೀಲ್ ಕಳೆದ್ರೆ ಉಳಿಯೋದು 55 ಸೆಂಟಿಮೀಟರ್. ಗಾಳಿಯ ಒತ್ತಡ ಒಂದು ಮಿಲಿಬಾರ್ ಹೆಚ್ಚಾದ್ರೆ ನೀರು ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತೆ, ಅದೂ ಇದರಲ್ಲೇ ಹೋಗಬೇಕು. ಹಾಗಾಗಿ ಇನ್ನೊಂದು ಕಾಲು ಗಂಟೆ ಕಾದೆ.

ಪೂರ್ತಿ ಉಬ್ಬರದವರೆಗೆ ಯಾಕೆ ಕಾಯ್ಲಿಲ್ಲ ಅಂತ ಕೇಳ್ತೀರಿ. ಉಬ್ಬರದ ನೆತ್ತಿಯಲ್ಲಿ ಸಿಕ್ಕಿಬಿದ್ರೆ ಆಮೇಲೆ ನೀರು ಬರೀ ಇಳೀತಾ ಹೋಗುತ್ತೆ. ಮುಂದಿನ ಉಬ್ಬರ ಬರೋದು ಸಾಮಾನ್ಯವಾಗಿ 12 ಗಂಟೆ 25 ನಿಮಿಷ ಆದ್ಮೇಲೆ. ಅದೂ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಬರೋ ದೊಡ್ಡ ಉಬ್ಬರದಲ್ಲಿ ಕೂತ್ಕೊಂಡ್ರೆ, ಅಲ್ಲಿಂದ ಮುಂದೆ ದಿನದಿನಕ್ಕೂ ಉಬ್ಬರ ಕಮ್ಮಿ ಆಗ್ತಾ ಹೋಗುತ್ತೆ. ಎರಡು ವಾರ ಕೆಸರಿನ ಮೇಲೆ ವಾಸ.

ಈ ಬಾಗಿಲು ಯಾಕೆ ಹೂಳು ತುಂಬುತ್ತೆ? ನದಿಯ ಜೇಡಿ ಸಿಹಿನೀರಲ್ಲಿ ಬಿಡಿಬಿಡಿಯಾಗಿ ತೇಲ್ತಾ ಬರುತ್ತೆ. ಉಪ್ಪುನೀರು ತಾಗಿದ್ದೇ ತಡ, ಕಣಕ್ಕೆ ಕಣ ಅಂಟಿ, ಗಂಟಾಗಿ, ತಳಕ್ಕೆ ಕೂರುತ್ತೆ. ದಂಡೆಯುದ್ದಕ್ಕೂ ಸರಿಯೋ ಮರಳು ಹೊರಗಿನಿಂದ ಬಂದು ಸೇರುತ್ತೆ. ಇದನ್ನೆಲ್ಲ ಗುಡಿಸಿ ಹೊರಗೆ ಹಾಕೋದು ದಿನಕ್ಕೆರಡು ಸಲ ಒಳಗೆ ಹೋಗಿ ಹೊರಗೆ ಬರೋ ನೀರೇ. ಒಳಗಿನ ಜೌಗು ತುಂಬಿಸಿ ಆ ನೀರಿಗೆ ಜಾಗ ಕಮ್ಮಿ ಮಾಡಿದ್ರೆ ಬಾಗಿಲೂ ಕಿರಿದಾಗುತ್ತೆ. ಹೂಳೆತ್ತಿ ಹೂಳೆತ್ತಿ ಸುಸ್ತಾಗೋ ಕಡೆಗಳಲ್ಲಿ ಇದನ್ನ ಯಾರೂ ಜೋರಾಗಿ ಹೇಳಲ್ಲ.

ಸರಿ, ಈಗ ಕ್ಯಾಮೆರಾ ಬಾಗಿಲ ಕಡೆ. ಎಷ್ಟು ಶಾಂತವಾಗಿದೆ ನೋಡಿ! ಇದನ್ನ ನಂಬಬೇಡಿ. ಸಮುದ್ರದ ಕಡೆಯಿಂದ ನಮಗೆ ಕಾಣೋದು ಅಲೆಯ ಬೆನ್ನು, ಒಡೆದು ಬಿಳಿಯಾಗೋ ಮುಖ ದಡದ ಕಡೆಗಿರುತ್ತೆ. ಅದಕ್ಕೇ ದುರ್ಬೀನು ಹಿಡ್ಕೊಂಡು ಇಪ್ಪತ್ತು ನಿಮಿಷ ಬರೀ ನೋಡಿದ್ದು. ದೊಡ್ಡ ಅಲೆಗಳು ಗುಂಪಾಗಿ ಬರ್ತವೆ, ಎರಡು ನಿಮಿಷ ನೋಡಿ ಹೊರಟ್ರೆ ಅವು ತಪ್ಪಿಹೋಗ್ತವೆ. ಇಳಿತದ ನೀರು ರಭಸವಾಗಿ ಹೊರಗೆ ಬರ್ತಿದ್ದು, ಗಾಳಿ ಸಮುದ್ರದಿಂದ ಎದುರಿಗೆ ಬೀಸ್ತಿದ್ರೆ, ಅದೇ ಅಲೆಗಳು ಗೋಡೆ ಹಾಗೆ ನಿಲ್ತವೆ. ಆಗ ನಾನಂತೂ ಹತ್ತಿರ ಸುಳಿಯಲ್ಲ.

ಹೊರಟ್ವಿ. ದೊಡ್ಡ ಹಾಯಿ ಎತ್ತಲೇ ಇಲ್ಲ, ಮುಂದಿನ ಚಿಕ್ಕ ಹಾಯಿ ಒಂದೇ. ಗಾಳಿ ಹಿಂದಿನಿಂದ ಇತ್ತು. ದಿಬ್ಬದ ಮೇಲೆ ದೊಡ್ಡ ಹಾಯಿ ತಟ್ಟನೆ ಮಗ್ಗುಲು ಬದಲಾಯಿಸೋದು ಯಾರಿಗೂ ಬೇಡ. ಎಂಜಿನ್ ನ್ಯೂಟ್ರಲ್‌ನಲ್ಲಿ ಓಡ್ತಾನೇ ಇದೆ. ದಡದಲ್ಲಿ ಎರಡು ಕಂಬ ಕಾಣ್ತವಲ್ಲ, ಗಿಡ್ಡದ್ದು ಮುಂದೆ, ಉದ್ದದ್ದು ಹಿಂದೆ, ಅವೆರಡೂ ಒಂದೇ ಗೆರೆಗೆ ಬರೋ ಹಾಗೆ ಹೋಗ್ಬೇಕು. ದೋಣಿಯ ಮೂಗು ಕಂಬದ ಕಡೆಗಿಲ್ಲ, ಗಮನಿಸಿ. ಸೆಳೆತ ಅಡ್ಡಕ್ಕೆ ಎಳೀತಿದೆ, ಅದಕ್ಕೆ ಮೂಗು ಓರೆ. ದಾರಿ ತೋರಿಸೋಕೆ ತೇಲಿಬಿಟ್ಟಿರೋ ಬೋಯ್‌ಗಳಲ್ಲಿ ಒಳಗೆ ಹೋಗೋವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೈನ್ಸ್‌ನಲ್ಲಿ ಇದೇ ಉಲ್ಟಾ. ನಕ್ಷೆಯಲ್ಲಿದ್ದ ಜಾಗಕ್ಕೂ ಬೋಯ್ ಇದ್ದ ಜಾಗಕ್ಕೂ ತಾಳೆ ಇರ್ಲಿಲ್ಲ. ನಾನು ಬೋಯ್‌ನ ನಂಬಿದೆ, ಮರಳು ಸರಿದಾಗ ಅದನ್ನ ಎತ್ತಿ ಬೇರೆ ಕಡೆ ಬಿಡ್ತಾರೆ.

ತಂಗಿ ಆಳ ಅಳೆಯೋ ಸೌಂಡರ್‌ನ ಪರದೆ ನೋಡಿ ಕೂಗ್ತಿದ್ದಾಳೆ. ದಿಬ್ಬದ ಮೇಲೆ 1.9. ಅದು ಕೀಲ್ ಕೆಳಗಿನ ನೀರು ಅಂದ್ಕೊಂಡೆ. ಲೆಕ್ಕದ ಪ್ರಕಾರ ಕೀಲ್ ಕೆಳಗೆ ಸುಮಾರು ಒಂದು ಮೀಟರ್ ಇರಬೇಕಿತ್ತು. ಅನುಮಾನ ಪಡೋ ಬದಲು ನಾನು ಖುಷಿಪಟ್ಟೆ. ಇಲ್ಲೇ ನೋಡಿ, ನಗ್ತಿದ್ದೀನಿ.

ದಿಬ್ಬ ದಾಟಿ ತಿರುವು ಬಂತು. ತಿರುವಿನಲ್ಲಿ ಆಳ ಹೊರಮಗ್ಗುಲಲ್ಲಿ, ಹೂಳು ಒಳಮಗ್ಗುಲಲ್ಲಿ. ಗೊತ್ತಿದ್ದೂ ಒಳಮಗ್ಗುಲಿಂದ ಅಡ್ಡದಾರಿ ಹಿಡಿದೆ, ಅಲೆಯಿಲ್ಲ, ಇನ್ನೇನು ಅಂತ.

"ಅಣ್ಣಾ, ಒಂದೂ ಮೂರು. ಒಂದೂ ಎರಡು. ಅಣ್ಣಾ, ಒಂದೂ ಒಂದು!"

"ಒಂದು ಮೀಟರ್ ಇದೆಯಲ್ಲೇ, ಬಿಡು."

"ಸೊನ್ನೆ ಒಂಬತ್ತು."

ಅಷ್ಟೇ. ಸದ್ದೂ ಇಲ್ಲ, ಏಟೂ ಇಲ್ಲ. ಯಾರೋ ಮೆಲ್ಲಗೆ ಹಿಡ್ಕೊಂಡ ಹಾಗೆ ದೋಣಿ ನಿಂತುಬಿಡ್ತು. ಸೌಂಡರ್ ಕೂತಿರೋದು ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ. ಕೀಲ್‌ನ ತುದಿ ಅದಕ್ಕಿಂತ 0.9 ಕೆಳಗೆ. ಆ 0.9 ಅನ್ನ ಸೆಟ್ಟಿಂಗ್‌ನಲ್ಲಿ ಕಳೆಯೋದನ್ನ ನಾನು ಮರೆತಿದ್ದೆ.

ಮೊದಲ ಐದು ಸೆಕೆಂಡಿನ ದಡ್ಡತನವನ್ನೂ ಇಟ್ಟಿದ್ದೀನಿ: ಎಂಜಿನ್ ರಿವರ್ಸ್‌ಗೆ ಹಾಕಿ ಜೋರು ಕೊಟ್ಟೆ. ಹಿಂದೆಲ್ಲ ಕೆಸರು ಎದ್ದಿತು. ಎಂಜಿನ್ ತಣ್ಣಗಿಡೋ ನೀರು ಅದೇ ಕೆಸರಿನಿಂದ ಒಳಗೆ ಹೋಗುತ್ತೆ, ಜಾಲರಿ ಕಟ್ಟಿಕೊಳ್ಳುತ್ತೆ. ತಂಗಿ ಬೈದಳು, ನಿಲ್ಲಿಸಿದೆ. ನೀರು ಏರ್ತಿದೆ, ಹತ್ತು ನಿಮಿಷಕ್ಕೆ ಐದು ಸೆಂಟಿಮೀಟರ್. ಸುಮ್ನಿದ್ರೆ ಎತ್ತುತ್ತೆ, ಆದ್ರೆ ಅದೇ ಉಬ್ಬರದ ಸೆಳೆತ ದೋಣಿನ ಕೆಸರಿನ ಇನ್ನೂ ಮೇಲಕ್ಕೆ ತಳ್ಳುತ್ತೆ. ಹಾಗಾಗಿ ಹಾಯಿ ಇಳಿಸಿದ್ವಿ. ಅವಳು ಪುಟ್ಟ ದೋಣಿಯಲ್ಲಿ ಚಿಕ್ಕ ಲಂಗರು ಒಯ್ದು ಆಳದ ಕಡೆ ಬಿಟ್ಟು ಬಂದಳು. ಹಗ್ಗ ಬಿಗಿ ಮಾಡಿ ಇಬ್ಬರೂ ಒಂದೇ ಮಗ್ಗುಲಿಗೆ ಜೋತುಬಿದ್ವಿ. ದೋಣಿ ವಾಲಿದಷ್ಟೂ ಕೀಲ್ ಮೇಲೇಳುತ್ತೆ. ಹನ್ನೆರಡು ನಿಮಿಷ. ಜಾರಿತು.

ಒಳಗೆ ಲಂಗರು ಹಾಕಿದ ಮೇಲೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ಅಳೆದು, ಪರದೆಗೆ ತಾಳೆ ನೋಡಿ, ಸೆಟ್ಟಿಂಗ್ ಸರಿಮಾಡಿದೆ. ಗುಂಡಿನ ತಳಕ್ಕೆ ಗ್ರೀಸ್ ಹಚ್ಚಿದ್ವಿ, ಕಪ್ಪು ಜೇಡಿ ಮೆತ್ತಿಕೊಂಡು ಬಂತು.

ಈ ಕೊನೇ ಶಾಟ್ ಸಂಜೆಯದು, ಪೂರ್ತಿ ಇಳಿತ. ತಿರುವಿನ ಹತ್ತಿರ ಕೆಸರಿನ ಬೆನ್ನು ನೀರಿನಿಂದ ಗೇಣಿನಷ್ಟೂ ಮೇಲೆದ್ದಿಲ್ಲ. ಅದರ ಅಂಚಿನಲ್ಲಿ ನೇಗಿಲು ಎಳೆದ ಹಾಗೆ ಒಂದು ಗೀರು ಇದೆಯಲ್ಲ, ಅದು ನಮ್ಮ ಕೀಲ್‌ದು. ನಕ್ಷೆಯ ಪ್ರಕಾರ ಅಲ್ಲಿ ಈಗಲೂ ಒಂದೂವರೆ ಮೀಟರ್ ನೀರಿರಬೇಕು.