ಬಣ್ಣದ ಮೇಲೊಂದು ತೆಳು ಬಣ್ಣ: ಪಾಂಜರ್ 4ಕ್ಕೆ ಫಿಲ್ಟರ್ ಹಾಕೋಣ

ನಮಸ್ಕಾರ, ಚಾನೆಲ್‌ಗೆ ಸ್ವಾಗತ. ಇವತ್ತು ಮೇಜಿನ ಮೇಲಿರುವುದು ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್, 1/35 ಸ್ಕೇಲ್‌ನ ಪಾಂಜರ್ 4, ಎಚ್ ಮಾದರಿ. ಬೇಸ್ ಕೋಟ್ ಮುಗಿದಿದೆ. ಕ್ಯಾಮೊಫ್ಲಾಜ್ ಕೂಡ ಬಿದ್ದು ಚೆನ್ನಾಗಿ ಒಣಗಿದೆ. ಕಡು ಹಳದಿ, ಅದರ ಮೇಲೆ ಆಲಿವ್ ಹಸಿರು ಮತ್ತು ಕೆಂಗಂದು ಪಟ್ಟೆಗಳು. ಸ್ವಲ್ಪ ಹತ್ತಿರದಿಂದ ನೋಡಿ. ಮೂರು ಬಣ್ಣವೂ ಕಣ್ಣಿಗೆ ಹೊಡೆಯುತ್ತಿವೆ, ಅಲ್ವಾ? ಹಸಿರಿಗೂ ಹಳದಿಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಈ ಮೂರನ್ನೂ ಒಂದೇ ಗಾಡಿಯ ಬಣ್ಣ ಮಾಡುವುದು ಇವತ್ತಿನ ಕೆಲಸ. ಅದನ್ನು ಫಿಲ್ಟರ್‌ನಷ್ಟು ಚೆನ್ನಾಗಿ ಮಾಡುವ ಇನ್ನೊಂದು ವಿಧಾನ ನನಗೆ ಗೊತ್ತಿಲ್ಲ.

ಫಿಲ್ಟರ್ ಅಂದರೆ ಏನು? ತುಂಬಾ ತೆಳುವಾದ, ಆಚೆಯದು ಕಾಣುವಂಥ ಬಣ್ಣದ ಪದರ. ಹೆಚ್ಚುಕಡಿಮೆ ನೂರಕ್ಕೆ 95 ಪಾಲು ಥಿನ್ನರ್, 5 ಪಾಲು ಬಣ್ಣ. ಬೆಳಕು ಈ ಪದರದ ಮೂಲಕ ಒಳಗೆ ಹೋಗಿ, ಕೆಳಗಿನ ಬಣ್ಣಕ್ಕೆ ತಾಗಿ, ಮತ್ತೆ ಇದರ ಮೂಲಕವೇ ಹೊರಗೆ ಬರುತ್ತದೆ. ಹಾಗಾಗಿ ಕೆಳಗಿನ ಬಣ್ಣ ಮುಚ್ಚಿಹೋಗುವುದಿಲ್ಲ, ಅದರ ಛಾಯೆ ಮಾತ್ರ ಬದಲಾಗುತ್ತದೆ. ಬಿಳಿ ಪಂಚೆಯನ್ನು ನೀಲಿ ನೀರಲ್ಲಿ ಅದ್ದಿ ತೆಗೆಯುತ್ತೇವಲ್ಲ, ಅದೇ ಲೆಕ್ಕ.

ವಾಶ್ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ವಾಶ್ ಕೂಡ ತೆಳು ಬಣ್ಣವೇ, ಆದರೆ ಅದು ಸಂದುಗೊಂದುಗಳಿಗೆ ಇಳಿದು ನಿಲ್ಲಬೇಕು. ಬೋಲ್ಟ್ ಸುತ್ತ, ತಗಡಿನ ಗೆರೆಗಳಲ್ಲಿ ಅದು ನೆರಳಿನ ಕೆಲಸ ಮಾಡುತ್ತದೆ. ಫಿಲ್ಟರ್ ಎಲ್ಲೂ ನಿಲ್ಲಬಾರದು, ಇಡೀ ಮೈಮೇಲೆ ಒಂದೇ ಸಮ ಹರಡಬೇಕು. ಕೊಳೆ, ಧೂಳು, ತುಕ್ಕು ಇದರ ಕೆಲಸವಲ್ಲ. ಅವೆಲ್ಲ ಆಮೇಲೆ ಬರುತ್ತವೆ.

ಈ ಟ್ಯಾಂಕಿಗೆ ಫಿಲ್ಟರ್ ಹೊಂದಲು ಇತಿಹಾಸದ ಕಾರಣವೂ ಇದೆ. ಜರ್ಮನ್ ಸೇನೆ 1943ರ ಫೆಬ್ರವರಿಯಲ್ಲಿ ಕಡು ಬೂದು ಬಣ್ಣ ಬಿಟ್ಟು ಡುಂಕೆಲ್‌ಗೆಲ್ಬ್ ಎಂಬ ಕಡು ಹಳದಿಗೆ ಬಂತು. ಹಸಿರು ಮತ್ತು ಕೆಂಗಂದು ಬಣ್ಣ ಪೇಸ್ಟ್ ರೂಪದಲ್ಲಿ, ಡಬ್ಬಿಗಳಲ್ಲಿ, ನೇರ ತುಕಡಿಗಳಿಗೇ ಹೋಗುತ್ತಿತ್ತು. ಅದನ್ನು ಪೆಟ್ರೋಲ್‌ನಲ್ಲೋ ನೀರಲ್ಲೋ ಕಲಸಿ ಸಿಬ್ಬಂದಿಯೇ ಬಳಿಯುತ್ತಿದ್ದರು. ಒಬ್ಬರು ಗಟ್ಟಿಯಾಗಿ ಕಲಸಿದರು, ಇನ್ನೊಬ್ಬರು ನೀರಾಗಿ. ಅಂದ ಮೇಲೆ ಎಲ್ಲ ಟ್ಯಾಂಕಿನ ಹಸಿರೂ ಒಂದೇ ಆಗಿರಲು ಹೇಗೆ ಸಾಧ್ಯ? ಬಣ್ಣದ ಚಾರ್ಟ್ ಹಿಡಿದು 'ಇದು ಸರಿ, ಅದು ತಪ್ಪು' ಎಂದು ವಾದ ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಸಾಮಾನಿನ ವಿಷಯಕ್ಕೆ ಬರೋಣ. ರೆಡಿಮೇಡ್ ಫಿಲ್ಟರ್ ಬಾಟಲಿಗಳು ಸಿಗುತ್ತವೆ, ಚೆನ್ನಾಗಿಯೂ ಇವೆ. ಆದರೆ ನಾನು ಕಲಾವಿದರ ಆಯಿಲ್ ಪೇಂಟನ್ನೇ ಬಳಸುತ್ತೇನೆ. ಒಂದು ಟ್ಯೂಬ್ ವರ್ಷಗಟ್ಟಲೆ ಬರುತ್ತದೆ. ಟ್ಯೂಬಿನ ಮೇಲೆ ಚಿಕ್ಕ ಚೌಕದ ಗುರುತು ಇದೆಯಾ ನೋಡಿ. ಖಾಲಿ ಚೌಕ ಅಂದರೆ ಪಾರದರ್ಶಕ ಬಣ್ಣ, ತುಂಬಿದ ಚೌಕ ಅಂದರೆ ಮುಚ್ಚುವ ಬಣ್ಣ. ಫಿಲ್ಟರ್‌ಗೆ ಖಾಲಿ ಚೌಕದ್ದೇ ಬೇಕು. ಬರ್ನ್ಟ್ ಸಿಯೆನ್ನಾ ಇದಕ್ಕೆ ಹೇಳಿಮಾಡಿಸಿದ ಬಣ್ಣ. ಟೈಟಾನಿಯಂ ವೈಟ್ ಬೆರೆಸಿದರೆ ಮೇಲೆ ಸುಣ್ಣದ ಪೊರೆ ಕಟ್ಟಿದ ಹಾಗೆ ಕಾಣುತ್ತದೆ.

ಬಣ್ಣವನ್ನು ಮೊದಲು ರಟ್ಟಿನ ತುಂಡಿನ ಮೇಲೆ ಹಿಂಡಿ ಸ್ವಲ್ಪ ಹೊತ್ತು ಬಿಡಿ. ಸುತ್ತ ಎಣ್ಣೆಯ ವೃತ್ತ ಮೂಡಿತಲ್ಲ, ಅದು ಅಗಸೆ ಎಣ್ಣೆ. ಅದನ್ನು ರಟ್ಟು ಹೀರಿಕೊಂಡರೆ ಬಣ್ಣ ಬೇಗ ಒಣಗುತ್ತದೆ, ಹೊಳಪೂ ಉಳಿಯುವುದಿಲ್ಲ.

ಥಿನ್ನರ್ ವಿಷಯದಲ್ಲಿ ದಯವಿಟ್ಟು ಗಮನ ಕೊಡಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬರೀ 'ಥಿನ್ನರ್' ಎಂದು ಕೇಳಿದರೆ ಎನ್‌ಸಿ ಥಿನ್ನರ್ ಕೊಟ್ಟುಬಿಡಬಹುದು. ಅದು ಬಣ್ಣವನ್ನೂ ತಿನ್ನುತ್ತದೆ, ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ನಮಗೆ ಬೇಕಾದ್ದು ವಾಸನೆ ಕಡಿಮೆ ಇರುವ ವೈಟ್ ಸ್ಪಿರಿಟ್. ಪೂರ್ತಿ ಒಣಗಿದ ಆಕ್ರಿಲಿಕ್ ಬೇಸ್‌ಗೆ ಇದರಿಂದ ತೊಂದರೆ ಇಲ್ಲ. ಕಿಟಕಿ ತೆಗೆದಿಟ್ಟುಕೊಂಡೇ ಕೆಲಸ ಮಾಡಿ. ಆಯಿಲ್ ಪೇಂಟ್ ಒರೆಸಿದ ಬಟ್ಟೆಯನ್ನು ಉಂಡೆ ಕಟ್ಟಿ ಕಸದ ಬುಟ್ಟಿಗೆ ಹಾಕಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಈಗ ಬ್ರಷ್. ಚಪ್ಪಟೆ, ಮೃದು, ಸ್ವಲ್ಪ ಅಗಲದ್ದು. ಫಿಲ್ಟರ್‌ನಲ್ಲಿ ಅದ್ದಿ, ಟಿಶ್ಯೂ ಮೇಲೆ ಒತ್ತಿ ಜಾಸ್ತಿ ಇರುವುದನ್ನು ತೆಗೆಯುತ್ತೇನೆ. ಬ್ರಷ್ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ಇಡೀ ಕೆಲಸದ ಗುಟ್ಟು ಇದೊಂದೇ ಅಂದರೂ ತಪ್ಪಿಲ್ಲ. ಟರೆಟ್‌ನ, ಅಂದರೆ ತೋಪಿರುವ ಗೋಪುರದ, ಮೇಲ್ಭಾಗದಿಂದ ಶುರು. ಒಂದು ತಗಡು ಮುಗಿಸಿ ಇನ್ನೊಂದಕ್ಕೆ. ಇಲ್ಲಿ ನೋಡಿ, ಹ್ಯಾಚ್ ಬುಡದಲ್ಲಿ ಸ್ವಲ್ಪ ನಿಂತಿತು. ಒಣ ಬ್ರಷ್ ತಾಗಿಸಿದರೆ ಸಾಕು, ಹೀರಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಒಣಗಿದ ಮೇಲೆ ಅಂಚಿಗೆ ಕಪ್ಪು ಗೆರೆ ಉಳಿಯುತ್ತದೆ. ಇದನ್ನು ತಪ್ಪಿಸಲೆಂದೇ ನಾನು ಮೊದಲು ಸ್ಯಾಟಿನ್, ಅಂದರೆ ಅರೆಹೊಳಪಿನ, ವಾರ್ನಿಶ್ ಹೊಡೆದಿದ್ದೇನೆ. ಹೊಳಪೇ ಇಲ್ಲದ ಮ್ಯಾಟ್ ಮೈ ಬಣ್ಣವನ್ನು ಹಿಡಿದುಕೊಂಡುಬಿಡುತ್ತದೆ, ಕಲೆ ಬೀಳುತ್ತದೆ. ಪೂರ್ತಿ ಹೊಳೆಯುವ ಮೈ ಮೇಲೆ ಬಣ್ಣ ಜಾರಿ ಮೂಲೆ ಸೇರುತ್ತದೆ.

ಕೆಳಗೆ ಚಕ್ರಗಳು, ಸಸ್ಪೆನ್ಷನ್ ಇರುವ ಜಾಗದಲ್ಲಿ ಇನ್ನೂ ಹುಷಾರು. ಅಂಟು ಹಾಕಿ ಬಿಗಿಯಾಗಿ ಕೂತ ಪ್ಲಾಸ್ಟಿಕ್ ಒಳಗೆ ವೈಟ್ ಸ್ಪಿರಿಟ್ ಇಳಿದು ನಿಂತರೆ ಬಿರುಕು ಬಿಡಬಹುದು. ನಿಮ್ಮ ಮಾಡೆಲ್ ಮೇಲೆ ಜಿಮ್ಮೆರಿಟ್, ಅಂದರೆ ಆಯಸ್ಕಾಂತದ ಮೈನ್ ಅಂಟದಿರಲೆಂದು ಟ್ಯಾಂಕಿಗೆ ಬಳಿಯುತ್ತಿದ್ದ ಪೇಸ್ಟಿನ, ಏರುತಗ್ಗು ಇದ್ದರೆ, ಅದರ ಗೆರೆಗಳಲ್ಲಿ ಫಿಲ್ಟರ್ ಕೂಡ ವಾಶ್ ತರಹವೇ ಇಳಿಯುತ್ತದೆ. ಅಲ್ಲಿಗೆ ಬ್ರಷ್ ಇನ್ನೂ ಒಣಗಿರಲಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಪಕ್ಕದ ಶುರ್ಟ್ಸೆನ್ ತಗಡುಗಳು. ಸೋವಿಯತ್ ಸೈನಿಕರ ಟ್ಯಾಂಕ್ ನಿರೋಧಕ ರೈಫಲ್‌ಗಳಿಂದ ಕಾಪಾಡಿಕೊಳ್ಳಲು ಇವನ್ನು ತಗುಲಿಸುತ್ತಿದ್ದರು. ಒಡಲಿನ ಪಕ್ಕದವು 5 ಮಿಲಿಮೀಟರ್ ದಪ್ಪ, ಟರೆಟ್ ಸುತ್ತಲಿನವು 8. ಪಕ್ಕದ ತಗಡುಗಳನ್ನು ಕಂಬಿಗೆ ನೇತುಹಾಕುತ್ತಿದ್ದರು. ಮರಕ್ಕೋ ಗೋಡೆಗೋ ತಗುಲಿ ಕಳಚಿ ಬೀಳುವುದು, ಬೇರೆ ತಗಡು ಬಂದು ಸೇರುವುದು ಮಾಮೂಲಿ. ಅದಕ್ಕೇ ಇಲ್ಲಿ ಒಂದೊಂದು ತಗಡಿಗೆ ಒಂದೊಂದು ಛಾಯೆ ಕೊಡುತ್ತಿದ್ದೇನೆ. ಮೊದಲನೆಯದಕ್ಕೆ ಬರ್ನ್ಟ್ ಸಿಯೆನ್ನಾ. ಎರಡನೆಯದಕ್ಕೆ ಅದನ್ನೇ ಇನ್ನೂ ತೆಳು ಮಾಡಿ. ಮೂರನೆಯದಕ್ಕೆ ಒಂಚೂರು ನೀಲಿ ಬೆರೆಸಿದ ಬೂದು. ಅಕ್ಕಪಕ್ಕ ಹಿಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಅಷ್ಟೇ ಸಾಕು, ಅದಕ್ಕಿಂತ ಜಾಸ್ತಿ ಬೇಡ.

ಚುಕ್ಕಿ ಫಿಲ್ಟರ್ ಎಂಬ ಇನ್ನೊಂದು ವಿಧಾನ ಇದೆ. ಓಕರ್, ನೀಲಿ, ಕಂದು, ಬಿಳಿ ಆಯಿಲ್ ಪೇಂಟನ್ನು ಸೂಜಿಮೊನೆಯಷ್ಟು ಚುಕ್ಕಿ ಇಟ್ಟು, ಒದ್ದೆ ಬ್ರಷ್‌ನಿಂದ ಎಳೆದು ಕರಗಿಸುವುದು. ಇಲ್ಲಿ ಬಿಳಿ ಬಳಸಬಹುದು, ಯಾಕೆಂದರೆ ಬಹುಪಾಲು ಬಣ್ಣ ಬ್ರಷ್‌ಗೆ ಬಂದುಬಿಡುತ್ತದೆ. ಪಕ್ಕದ ಗೋಡೆಗಳಲ್ಲಿ ಮೇಲಿಂದ ಕೆಳಕ್ಕೆ ಎಳೆಯಿರಿ, ಮಳೆನೀರು ಹರಿಯುವ ದಿಕ್ಕು ಅದು. ಇಂಜಿನ್ ಡೆಕ್‌ನಂಥ ಮಟ್ಟಸ ಜಾಗದಲ್ಲಿ ಎಳೆಯಬೇಡಿ, ಬ್ರಷ್ ತುದಿಯಿಂದ ಕುಟ್ಟಿ ಕರಗಿಸಿ.

'ಬೇಸ್ ಬಣ್ಣವನ್ನೇ ಬೇಕಾದ ಹಾಗೆ ಬೆರೆಸಿದರೆ ಸಾಲದಾ?' ಎಂದು ಕೇಳುವವರಿದ್ದಾರೆ. ಇಡೀ ಹಸಿರು ಬಣ್ಣದ ಸೋವಿಯತ್ ಟ್ಯಾಂಕ್ ಟಿ-34 ಆದರೆ ಸಾಕು, ಒಪ್ಪುತ್ತೇನೆ. ಮೂರು ಬಣ್ಣದ ಕ್ಯಾಮೊಫ್ಲಾಜ್‌ಗೆ ಸಾಲದು. ಒಂದೇ ಕಂದು ಪದರ ಹಳದಿಯ ಮೇಲೂ ಹಸಿರಿನ ಮೇಲೂ ಬಿದ್ದಾಗ ಎರಡಕ್ಕೂ ಒಂದು ನಂಟು ಹುಟ್ಟುತ್ತದೆ. ಅದು ಬೇರೆ ಬೇರೆ ಬೆರೆಸಿದ ಬಣ್ಣಗಳಿಂದ ಬರುವುದು ಕಷ್ಟ.

ವಿಡಿಯೋ ಮಾಡುವವರಿಗೆ ಒಂದು ಮಾತು. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಆಫ್ ಮಾಡಿ. ಇಲ್ಲದಿದ್ದರೆ ನೀವು ಕಷ್ಟಪಟ್ಟು ತಂದ ಬೆಚ್ಚಗಿನ ಛಾಯೆಯನ್ನು ಕ್ಯಾಮೆರಾ ತಾನೇ ಸರಿಮಾಡಿ ಅಳಿಸಿಬಿಡುತ್ತದೆ. ಈ ಎರಡು ಶಾಟ್‌ನಲ್ಲೂ ಸೆಟ್ಟಿಂಗ್ ಒಂದೇ, ದೀಪ ಒಂದೇ. ಎಡಗಡೆ ಫಿಲ್ಟರ್‌ಗೆ ಮುಂಚೆ, ಬಲಗಡೆ ಆಮೇಲೆ. ಹಸಿರು ಪಟ್ಟೆಯ ಅಂಚನ್ನು ಗಮನಿಸಿ. ಮೊದಲಿದ್ದ ಒರಟುತನ ಹೋಗಿದೆ, ಆದರೆ ಪಟ್ಟೆ ಎಲ್ಲೂ ಮಸುಕಾಗಿಲ್ಲ.

ಇದನ್ನು ಈಗ ಒಂದು ದಿನ ಮುಟ್ಟುವುದಿಲ್ಲ. ಮಳೆಗಾಲದಲ್ಲಾದರೆ ಎರಡು ದಿನ ಬಿಡುವುದು ಒಳ್ಳೆಯದು. ಒಣಗಿದ ಮೇಲೆ ಹಳದಿ ಇನ್ನೂ ಸಪ್ಪೆ ಅನ್ನಿಸಿದರೆ ಇನ್ನೊಂದು ತೆಳು ಪದರ ಕೊಡುತ್ತೇನೆ. ಆಮೇಲೆ ಬೋಲ್ಟ್‌ಗಳಿಗೆ ವಾಶ್, ಅಂಚುಗಳಿಗೆ ಬಣ್ಣ ಕಿತ್ತುಹೋದ ಗುರುತು. ಅದು ಮುಂದಿನ ವಿಡಿಯೋ. ನಿಮ್ಮ ಮೇಜಿನ ಮೇಲೆ ಯಾವ ಟ್ಯಾಂಕಿದೆ, ಯಾವ ಬಣ್ಣದ ಫಿಲ್ಟರ್ ಹಾಕಬೇಕೆಂದಿದ್ದೀರಿ, ಕಾಮೆಂಟ್‌ನಲ್ಲಿ ಬರೆಯಿರಿ. ಎಲ್ಲವನ್ನೂ ಓದುತ್ತೇನೆ.