ಅದು ಕೋಟೆಯಲ್ಲ, ಶಾಲೆ

ಕೇಳುಗರಿಗೆ ನಮಸ್ಕಾರ. ಬೀದರಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳೇ, ಈ ಮಾತು ಮುಖ್ಯವಾಗಿ ನಿಮಗೆ. ಮಹಮೂದ್ ಗವಾನ್ ಮದರಸಾದ ಮುಂದೆ ನಿಂತು, ‘ಇದೂ ಒಂದು ಕೋಟೆ’ ಎಂದು ಮಕ್ಕಳಿಗೆ ಹೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಕೋಟೆಯಲ್ಲ, ಸ್ವಾಮಿ. ಅದು ಶಾಲೆ. 1472ರ ಹೊತ್ತಿಗೆ ಸಿದ್ಧವಾದ, ಮೂರು ಅಂತಸ್ತಿನ ವಸತಿಶಾಲೆ. ನಡುವೆ ಅಂಗಳ, ಸುತ್ತ ಹುಡುಗರಿಗೆ 36 ಕೋಣೆಗಳು, ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ. ಊಟ, ವಸತಿ ಪುಕ್ಕಟೆ.

ಕಟ್ಟಿಸಿದವನು ಪರ್ಷಿಯಾದ ಗಿಲಾನ್‌ನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್. ಅವನ ಕೊನೆಯನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಅವನನ್ನು ಕಂಡರಾಗದ ಸರದಾರರು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ, ‘ದಂಡೆತ್ತಿ ಬನ್ನಿ’ ಎಂದು ಒಡಿಶಾದ ರಾಜನಿಗೆ ಗವಾನನೇ ಕರೆ ಕಳಿಸಿದಂತೆ ಪತ್ರ ಬರೆದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಮೂರನೆಯ ಮುಹಮ್ಮದ್ ಷಾ ಗವಾನನನ್ನು ಕರೆಸಿ ಕೇಳಿದ: ದ್ರೋಹಿಗೆ ಏನು ಶಿಕ್ಷೆ? ಕತ್ತಿ, ಎಂದ ಗವಾನ್. ಪತ್ರ ಮುಂದೆ ಬಂತು. ‘ಮುದ್ರೆ ನನ್ನದು, ಬರಹ ನನ್ನದಲ್ಲ’ ಎಂದನಂತೆ. ಯಾರು ಕೇಳುತ್ತಾರೆ? 1481ರಲ್ಲಿ ತಲೆ ಹೋಯಿತು. ಅವನ ಭಂಡಾರ ತೆರೆದರೆ ಅಲ್ಲಿ ಅಂದುಕೊಂಡಷ್ಟು ಹಣವಿರಲಿಲ್ಲ. ಇರುವುದೆಲ್ಲಿಂದ? ಶಾಲೆ ಕಟ್ಟಿಸಿದ್ದನಲ್ಲ!

ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ, ಇನ್ನುಳಿದದ್ದನ್ನು ಬೇಗ ಹೇಳುತ್ತೇನೆ. ಔರಂಗಜೇಬನ ಕಾಲದಲ್ಲಿ ಅಲ್ಲಿ ಸೈನಿಕರು ಬೀಡುಬಿಟ್ಟರು; ಪಾಠ ನಡೆದ ಜಾಗದಲ್ಲಿ ಸಿಡಿಮದ್ದು ತುಂಬಿದರು. 17ನೆಯ ಶತಮಾನದ ಕೊನೆಯಲ್ಲಿ ಅದು ಸಿಡಿದು, ಮುಂಭಾಗದ ಎರಡು ಮಿನಾರುಗಳಲ್ಲಿ ಒಂದನ್ನು, ತೆಂಕಣ ಭಾಗವನ್ನು ಹೊತ್ತುಕೊಂಡು ಹೋಯಿತು. ಶಾಲೆಯನ್ನು ಕೋಟೆ ಎಂದುಕೊಂಡವರು ಆಗಲೂ ಇದ್ದರು, ನೋಡಿ.

ಈಗ ಅದು ಭಾರತೀಯ ಪುರಾತತ್ವ ಸರ್ವೇಕ್ಷಣದ ಸಂರಕ್ಷಿತ ಸ್ಮಾರಕ. ಉಳಿದ ಮಿನಾರಿನ ಮುಂದೆ ಫೋಟೊ ತೆಗೆದುಕೊಳ್ಳಿ, ಬೇಡವೆನ್ನುವುದಿಲ್ಲ. ಆಮೇಲೆ ಮಕ್ಕಳನ್ನು ಒಳಗೆ ಕರೆದೊಯ್ದು ಒಂದು ಕೋಣೆಯ ಬಾಗಿಲಲ್ಲಿ ನಿಲ್ಲಿಸಿ, ‘ಇದು ಹಾಸ್ಟೆಲ್’ ಎಂದು ಹೇಳಿ. ಗೋಡೆಯ ಟೈಲ್ಸ್ ಕೆರೆಯಲು ಬಿಡಬೇಡಿ. ಐದು ನೂರು ವರ್ಷ ದಾಟಿದ ನೀಲಿ ಅದು. ಬೆಳಿಗ್ಗೆಯೇ ಹೋಗಿ. ಮುಖಭಾಗ ಪೂರ್ವಕ್ಕಿದೆ, ಮಿನಾರಿನ ಅಂಕುಡೊಂಕು ಪಟ್ಟೆಗಳ ಮೇಲೆ ಆಗ ನೇರ ಬಿಸಿಲು ಬೀಳುತ್ತದೆ. ನಮಸ್ಕಾರ.